50 ಟನ್ ಬಲಕ್ಕೆ 4.5 ಮಿ.ಮೀ. ಕಾವಲು

8 ಇಂಚಿನ ಉಕ್ಕಿನ ಪೈಪಿನಲ್ಲಿ 100 ಬಾರ್ ಒತ್ತಡದ ಆವಿ ಹರಿಯುತ್ತಿದೆ ಎಂದುಕೊಳ್ಳಿ. ಅಷ್ಟು ಒತ್ತಡದಲ್ಲಿ ನೀರು ಕುದಿಯುವುದೇ 311 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆವಿ ಅದಕ್ಕಿಂತ ತಣ್ಣಗಿರಲು ಸಾಧ್ಯವಿಲ್ಲ. ಈ ಪೈಪಿಗೆ ನಡುವೆ ಒಂದು ಕಡೆ ಜೋಡಣೆ ಇದೆ. ಎರಡೂ ತುದಿಗಳಲ್ಲಿ ದಪ್ಪ ಉಕ್ಕಿನ ಅಗಲ ಅಂಚು, ಅಂದರೆ ಫ್ಲ್ಯಾಂಜ್. ಎರಡು ಫ್ಲ್ಯಾಂಜ್‌ಗಳನ್ನು ಎದುರುಬದುರು ನಿಲ್ಲಿಸಿ, ಸುತ್ತಲೂ 12 ಸ್ಟಡ್ ತೂರಿಸಿ, ನಟ್ಟು ಬಿಗಿದಿದ್ದಾರೆ. ಒಳಗಿನ ಆವಿ ಈ ಜೋಡಿಯನ್ನು ಬಿಡಿಸಲು ತಳ್ಳುವ ಬಲ ಹತ್ತಿರ ಹತ್ತಿರ 50 ಟನ್. ಹಗಲು ರಾತ್ರಿ ಎನ್ನದೆ, ವರ್ಷಗಟ್ಟಲೆ ಅದು ತಳ್ಳುತ್ತಲೇ ಇರುತ್ತದೆ. ಎರಡು ಫ್ಲ್ಯಾಂಜ್‌ಗಳ ನಡುವೆ ಕೂತು ಆವಿಯನ್ನು ಹೊರಬಿಡದೆ ಕಾಯುವುದು 4.5 ಮಿ.ಮೀ. ದಪ್ಪದ ಒಂದು ಬಳೆ. ನಕ್ಷೆಯಲ್ಲಿ ಅದರ ಹೆಸರು ಗ್ಯಾಸ್ಕೆಟ್. ಕೆಲಸ ಮಾಡುವವರ ಬಾಯಲ್ಲಿ ಪ್ಯಾಕಿಂಗ್.

ಜೋಡಣೆ ಸೋರಿತೆಂದರೆ ಮೊದಲ ಬೈಗುಳ ಪ್ಯಾಕಿಂಗಿಗೇ. ‘ಮಾಲು ಸರಿ ಇಲ್ಲ, ಬೇರೆ ಕಂಪನಿಯದು ತರಿಸಿ’ ಎನ್ನುವ ಮಾತು ಎಲ್ಲ ಸ್ಥಾವರಗಳಲ್ಲೂ ಕೇಳಿಬರುತ್ತದೆ. ಹೊಸದು ಬರುತ್ತದೆ, ಕೂರಿಸುತ್ತಾರೆ, ಅದೂ ಸೋರುತ್ತದೆ. ಏಕೆಂದರೆ ಆವಿಯನ್ನು ನಿಜವಾಗಿ ತಡೆದಿರುವುದು ಬರೀ ಗ್ಯಾಸ್ಕೆಟ್ ಅಲ್ಲ. ಅದನ್ನು ಅದುಮಿ ಹಿಡಿದಿರುವ ಸ್ಟಡ್‌ಗಳ ಎಳೆತ. ಆ ಎಳೆತವನ್ನು ಕೊಡುವುದು ಪಾನಾ ಹಿಡಿದ ಕೈ. ಈ ಲೆಕ್ಕ ಅರ್ಥವಾದರೆ ಸೋರಿಕೆಯ ಮುಕ್ಕಾಲು ಪಾಲು ಗುಟ್ಟು ಬಿಡಿಸಿದಂತೆ.

ಬೆಸುಗೆ ಇರುವಾಗ ಜೋಡಣೆ ಏಕೆ?

ಪೈಪುಗಳನ್ನು ಬೆಸೆದುಬಿಟ್ಟರೆ ಗ್ಯಾಸ್ಕೆಟ್ಟಿನ ಗೊಡವೆಯೇ ಇಲ್ಲ. ಸಾಧ್ಯವಿರುವ ಕಡೆಯೆಲ್ಲ ಎಂಜಿನಿಯರುಗಳು ಮಾಡುವುದೂ ಅದನ್ನೇ. ರಾಯಚೂರಿನ ಶಕ್ತಿನಗರದಲ್ಲಿರುವ ಉಷ್ಣ ವಿದ್ಯುತ್ ಸ್ಥಾವರದಂಥ ಕಡೆ 210 ಮೆಗಾವಾಟ್ ಘಟಕದ ಟರ್ಬೈನಿಗೆ ಹೋಗುವ ಮುಖ್ಯ ಆವಿಯ ಬಿಸಿ 540 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಂಥ ಪೈಪು ಉದ್ದಕ್ಕೂ ಬೆಸುಗೆಯೇ. ಆದರೆ ಸ್ಥಾವರ ಎಂದ ಮೇಲೆ ಬಿಚ್ಚಲೇಬೇಕಾದ ಜಾಗಗಳಿರುತ್ತವೆ. ಪಂಪು ದುರಸ್ತಿಗೆ ಬರುತ್ತದೆ, ಹೀಟ್ ಎಕ್ಸ್‌ಚೇಂಜರಿನ ಕೊಳವೆಗಳನ್ನು ತೊಳೆಯಬೇಕಾಗುತ್ತದೆ, ಸುರಕ್ಷಾ ವಾಲ್ವನ್ನು ಕಳಚಿ ಪರೀಕ್ಷೆಗೆ ಒಯ್ಯಬೇಕಾಗುತ್ತದೆ. ಹಾಗೆ ಬಿಚ್ಚಿ ಮತ್ತೆ ಕೂಡಿಸಬೇಕಾದ ಕಡೆಯೆಲ್ಲ ಫ್ಲ್ಯಾಂಜ್. ಫ್ಲ್ಯಾಂಜ್ ಇದ್ದಲ್ಲೆಲ್ಲ ಗ್ಯಾಸ್ಕೆಟ್. ಒಂದು ತೈಲ ಶುದ್ಧೀಕರಣ ಘಟಕದಲ್ಲಿ ಇಂಥ ಜೋಡಣೆಗಳ ಸಂಖ್ಯೆ ಸಾವಿರಗಳಲ್ಲಿ.

ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಈ ಎಚ್ಚರ ಇನ್ನೂ ಒಂದು ತೂಕ ಹೆಚ್ಚು. ಅಲ್ಲಿ ರಿಯಾಕ್ಟರಿನ ಶಾಖ ಹೊತ್ತು ಸುತ್ತುವುದು ಭಾರಜಲ. ಅದು ದುಬಾರಿಯೂ ಹೌದು, ರಿಯಾಕ್ಟರಿನಲ್ಲಿ ಓಡಾಡಿದ ಮೇಲೆ ವಿಕಿರಣಶೀಲ ಟ್ರಿಟಿಯಂ ಸೇರಿಕೊಂಡದ್ದೂ ಹೌದು. ಹನಿಯೂ ಹೊರಬರಬಾರದೆಂದು ವಿನ್ಯಾಸ ಮಾಡುವಾಗಲೇ ಬಿಚ್ಚುವ ಜೋಡಣೆಗಳನ್ನು ಆದಷ್ಟೂ ಕಡಿಮೆ ಮಾಡುತ್ತಾರೆ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಬರೆಯಿತು. ಆ ಸುದ್ದಿಯಲ್ಲಿ ಗ್ಯಾಸ್ಕೆಟ್ಟಿನ ಹೆಸರು ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಆದರೆ ಎರಡೂವರೆ ವರ್ಷಕ್ಕೂ ಮಿಕ್ಕಿ ನಿಲ್ಲದೆ ಓಡಿದ್ದು ಎಂದರೆ, ನಿಲ್ಲಿಸಲೇಬೇಕಾದಂಥ ಸೋರಿಕೆ ಅಷ್ಟು ದಿನ ಎಲ್ಲೂ ತಲೆಹಾಕಲಿಲ್ಲ ಎಂದೇ ಅರ್ಥ.

ಕುಕ್ಕರಿನ ಗ್ಯಾಸ್ಕೆಟ್ ಬೇರೆ, ಇದು ಬೇರೆ

ಗ್ಯಾಸ್ಕೆಟ್ ಎಂದರೆ ನಮಗೆ ತಟ್ಟನೆ ನೆನಪಾಗುವುದು ಕುಕ್ಕರಿನದು. ಅಲ್ಲಿ ಹೆಚ್ಚುವರಿ ಒತ್ತಡ ಸುಮಾರು 1 ಬಾರ್, ಬಿಸಿ 120 ಡಿಗ್ರಿ. ಒಳಗೆ ಆವಿ ಏರಿದಷ್ಟೂ ಅದು ರಬ್ಬರಿನ ತುಟಿಯನ್ನು ಮುಚ್ಚಳದ ಅಂಚಿಗೆ ಒತ್ತಿ ಹಿಡಿಯುತ್ತದೆ. ಅಂದರೆ ಆವಿಯೇ ತನ್ನ ದಾರಿಯನ್ನು ತಾನು ಮುಚ್ಚಿಕೊಳ್ಳುತ್ತದೆ. ಮುಚ್ಚಳ ಹಾಕುವಾಗ ನಾವು ಮೈಬಲ ಖರ್ಚು ಮಾಡಬೇಕಾಗಿಲ್ಲ.

ಫ್ಲ್ಯಾಂಜಿನಲ್ಲಿ ನಡೆಯುವುದು ಇದರ ತದ್ವಿರುದ್ಧ. ಒತ್ತಡ ಏರಿದಷ್ಟೂ ಎರಡು ಮುಖಗಳು ದೂರ ಸರಿಯಲು ನೋಡುತ್ತವೆ, ಗ್ಯಾಸ್ಕೆಟ್ಟಿನ ಮೇಲಿನ ಅದುಮು ಕಡಿಮೆಯಾಗುತ್ತದೆ. ಆದ್ದರಿಂದ ಆವಿ ಬಿಡುವ ಮೊದಲೇ, ಅದು ಮುಂದೆ ಕಸಿದುಕೊಳ್ಳಲಿರುವ ಬಲವನ್ನೂ ಸೇರಿಸಿ ಜೋಡಣೆಯೊಳಗೆ ಕೂಡಿಡಬೇಕು. ಕೂಡಿಡುವ ಜಾಗ ಸ್ಟಡ್.

ನಮ್ಮ 8 ಇಂಚಿನ ಪೈಪಿಗೇ ಬರೋಣ. ಈ ಒತ್ತಡಕ್ಕೆ ಹೊಂದುವ 900 ಕ್ಲಾಸಿನ ಫ್ಲ್ಯಾಂಜಿನಲ್ಲಿ ಒಂದೂವರೆ ಇಂಚಿಗಿಂತ ತುಸು ತೆಳುವಾದ, 1 3/8 ಇಂಚು ದಪ್ಪದ 12 ಸ್ಟಡ್‌ಗಳಿರುತ್ತವೆ. ಒಂದೊಂದೂ ಗೇಣುದ್ದ. ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕಿನವು. ರೂಢಿಯ ಲೆಕ್ಕದಂತೆ ಬಿಗಿದರೆ ಒಂದೊಂದರಲ್ಲೂ ಸುಮಾರು 26 ಟನ್ ಎಳೆತ ಕೂಡುತ್ತದೆ. ಎಲ್ಲ ಸೇರಿ 310 ಟನ್ ದಾಟುತ್ತದೆ. ಆವಿ ತಳ್ಳುವ 50 ಟನ್ನನ್ನು ಕಳೆದರೂ ಗ್ಯಾಸ್ಕೆಟ್ಟಿನ ಮೇಲೆ 250 ಟನ್ನಿಗೆ ಮಿಕ್ಕಿ ಉಳಿಯುತ್ತದೆ. ಆ ಉಳಿಕೆಯೇ ಸೋರಿಕೆಗೆ ತಡೆ.

ಇಷ್ಟು ಎಳೆತ ಕೂಡಿದಾಗ ಸ್ಟಡ್ ಎಷ್ಟು ಹಿಗ್ಗಿರುತ್ತದೆ ಗೊತ್ತೇ? ಸುಮಾರು 0.3 ಮಿ.ಮೀ. ಕಣ್ಣಿಗೆ ಕಾಣದಷ್ಟು. ಇಡೀ ಜೋಡಣೆಯ ಬಂಡವಾಳ ಅಷ್ಟೇ. ನಟ್ಟಿನ ಅಡಿಯ ಬಣ್ಣದ ಪದರ ಸವೆದೋ, ಗ್ಯಾಸ್ಕೆಟ್ ಬಿಸಿಗೆ ಕುಗ್ಗಿಯೋ, ಉಕ್ಕೇ ಕಾವಿಗೆ ನಿಧಾನ ಸಡಿಲಗೊಂಡೋ 0.1 ಮಿ.ಮೀ. ಕಳೆದುಹೋದರೆ ಎಳೆತದ ಮೂರನೇ ಒಂದು ಪಾಲು ಹೋದಂತೆ. ಹಾಗಾಗಿಯೇ ಒಂದೇ ಬಲಕ್ಕೆ ಗಿಡ್ಡ ಸ್ಟಡ್‌ಗಿಂತ ಉದ್ದನೆಯದು ಮೇಲು: ಹೆಚ್ಚು ಹಿಗ್ಗುತ್ತದೆ, ಅಷ್ಟಿಷ್ಟು ನಷ್ಟವಾದರೂ ತಾಳಿಕೊಳ್ಳುತ್ತದೆ.

ಬಿಸಿ ಫ್ಲ್ಯಾಂಜಿನ ಕಸುವನ್ನೂ ತಿನ್ನುತ್ತದೆ. 150 ಕ್ಲಾಸಿನ ಸಾಮಾನ್ಯ ಕಾರ್ಬನ್ ಉಕ್ಕಿನ ಫ್ಲ್ಯಾಂಜಿಗೆ 38 ಡಿಗ್ರಿಯವರೆಗೆ 19.6 ಬಾರ್ ಒತ್ತಡ ಹಾಕಬಹುದು. 400 ಡಿಗ್ರಿಗೆ ಹೋದರೆ ಅದೇ ಫ್ಲ್ಯಾಂಜಿಗೆ 6.5 ಬಾರ್ ಮಾತ್ರ. ಒತ್ತಡವನ್ನಷ್ಟೇ ನೋಡಿ ಬಿಸಿಯನ್ನು ಮರೆತು ಆರಿಸಿದ ಜೋಡಣೆ ಬಹಳ ದಿನ ಬಾಳುವುದಿಲ್ಲ.

ಸುರುಳಿಯೊಳಗಿನ ಸ್ಪ್ರಿಂಗು

ಬಿಸಿ ಮತ್ತು ಒತ್ತಡ ಎರಡೂ ಜೋರಾಗಿರುವ ಕಡೆ ಹೆಚ್ಚಾಗಿ ಕಾಣುವುದು ಸ್ಪೈರಲ್ ವೂಂಡ್ ಗ್ಯಾಸ್ಕೆಟ್. 1912ರಲ್ಲಿ ಅಮೆರಿಕದ ಫ್ಲೆಕ್ಸಿಟಾಲಿಕ್ ಕಂಪನಿ ಇದನ್ನು ರೂಪಿಸಿತು. ನೂರು ವರ್ಷ ದಾಟಿದರೂ ಮೂಲ ಉಪಾಯ ಬದಲಾಗಿಲ್ಲ. ಕಾಗದದಷ್ಟು ತೆಳುವಾದ ಸ್ಟೇನ್‌ಲೆಸ್ ಉಕ್ಕಿನ ಪಟ್ಟಿಯನ್ನು ‘ವಿ’ ಆಕಾರಕ್ಕೆ ಮಡಿಸಿ, ಜೊತೆಗೆ ಮೆತ್ತನೆಯ ಗ್ರಾಫೈಟ್ ಪಟ್ಟಿಯನ್ನು ಇಟ್ಟು, ಎರಡನ್ನೂ ಸುರುಳಿ ಸುತ್ತುತ್ತಾರೆ. ಕೊನೆಗೆ ಚುಕ್ಕಿ ಬೆಸುಗೆ. ಬಳೆಯನ್ನು ಅಡ್ಡ ಕೊಯ್ದು ನೋಡಿದರೆ ಉಕ್ಕು, ಗ್ರಾಫೈಟ್, ಉಕ್ಕು, ಗ್ರಾಫೈಟ್ ಎಂದು ಸಾಲುಗಟ್ಟಿ ನಿಂತಿರುವುದು ಕಾಣುತ್ತದೆ. ಒತ್ತಿದಾಗ ‘ವಿ’ ಮಡಿಕೆ ಇನ್ನಷ್ಟು ಮಡಿಯುತ್ತದೆ; ಬಿಗಿ ಸ್ವಲ್ಪ ಇಳಿದರೆ ಮತ್ತೆ ಚಿಮ್ಮಿ ಮುಖಕ್ಕೆ ತಾಗಿಕೊಳ್ಳುತ್ತದೆ. ಚಿಮ್ಮುವ ಗುಣ ಉಕ್ಕಿನದು, ಸಂದು ತುಂಬುವ ಗುಣ ಗ್ರಾಫೈಟಿನದು.

ಸುರುಳಿಯ ಹೊರಗೆ ಒಂದು ಗಟ್ಟಿ ಉಕ್ಕಿನ ಉಂಗುರ ಇರುತ್ತದೆ. ಗ್ಯಾಸ್ಕೆಟ್ಟನ್ನು ಸ್ಟಡ್‌ಗಳ ನಡುವೆ ಸರಿಯಾಗಿ ಮಧ್ಯಕ್ಕೆ ಕೂರಿಸುವುದು ಅದರ ಒಂದು ಕೆಲಸ. ಇನ್ನೊಂದು, ಅತಿಯಾಗಿ ಅದುಮದಂತೆ ತಡೆಯುವುದು. 4.5 ಮಿ.ಮೀ. ಇದ್ದ ಸುರುಳಿ ಬಿಗಿದ ಮೇಲೆ 3.3 ಮಿ.ಮೀ. ಹತ್ತಿರಕ್ಕೆ ಇಳಿಯಬೇಕು. ಒಳಬದಿಗೂ ಒಂದು ಉಂಗುರ ಬೇಕಾಗುತ್ತದೆ. ಗ್ರಾಫೈಟ್ ತುಂಬಿದ ಸುರುಳಿಗೆ ಅದಿಲ್ಲದಿದ್ದರೆ, ಬಿಗಿದಾಗ ಸುರುಳಿ ಒಳಕ್ಕೆ ಉಬ್ಬಿ, ಎಳೆ ಬಿಚ್ಚಿಕೊಂಡು ಪೈಪಿನೊಳಗೆ ಹರಿದುಹೋಗುತ್ತದೆ.

ಹೊರ ಉಂಗುರದ ಅಂಚಿಗೆ ಬಳಿದ ಬಣ್ಣ ಅಂದಕ್ಕಲ್ಲ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವಾದ ಎಎಸ್‌ಎಂಇ ತನ್ನ ಬಿ16.20 ಮಾನಕದಲ್ಲಿ ಆ ಬಣ್ಣಗಳಿಗೆ ಅರ್ಥ ಕೊಟ್ಟಿದೆ. ಹಳದಿ ಅಂಚು ಎಂದರೆ ಸುರುಳಿ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕು. ಹಸಿರು ಎಂದರೆ 316 ದರ್ಜೆ. ಅಂಚಿನ ಮೇಲೆ ಬೂದು ಪಟ್ಟೆಗಳಿದ್ದರೆ ತುಂಬಿರುವುದು ಗ್ರಾಫೈಟ್, ಬಿಳಿ ಪಟ್ಟೆಗಳಿದ್ದರೆ ಟೆಫ್ಲಾನ್. ಟೆಫ್ಲಾನ್ 260 ಡಿಗ್ರಿಗೆ ಮೇಲೆ ನಿಲ್ಲದು. ಬಿಸಿ ಆವಿಯ ಲೈನಿಗೆ ಗಡಿಬಿಡಿಯಲ್ಲಿ ಬಿಳಿ ಪಟ್ಟೆಯದ್ದು ಹಾಕಿಬಿಟ್ಟರೆ ಏನಾದೀತೆಂದು ಹೇಳಬೇಕಾಗಿಲ್ಲ. ಜೋಡಿಸಿ ಬಿಗಿದ ಮೇಲೂ ಅಂಚು ಹೊರಗೆ ಕಾಣುತ್ತಿರುವುದರಿಂದ ಬಿಚ್ಚದೆಯೇ ತಪ್ಪು ಹಿಡಿಯಬಹುದು.

ಫ್ಲ್ಯಾಂಜಿನ ಮುಖ ಕನ್ನಡಿಯಂತೆ ನುಣುಪಾಗಿರಬೇಕು ಎಂದು ಹಲವರು ತಿಳಿದಿರುತ್ತಾರೆ. ಹಾಗಲ್ಲ. ಲೇತಿನಲ್ಲಿ ಬೇಕೆಂದೇ ನವಿರಾದ ಗೆರೆಗಳನ್ನು ಕೊರೆದಿರುತ್ತಾರೆ. ಅದುಮಿದ ಗ್ರಾಫೈಟ್ ಆ ಗೆರೆಗಳಿಗೆ ಇಳಿದು ಕಚ್ಚಿಕೊಳ್ಳುತ್ತದೆ. ವೃತ್ತದ ಗುಂಟ ಸಾಗುವ ಗೆರೆ ಆವಿಗೆ ದಾರಿ ಬಿಡುವುದಿಲ್ಲ. ಒಳ ಅಂಚಿನಿಂದ ಹೊರ ಅಂಚಿಗೆ ಅಡ್ಡ ಬಿದ್ದ ಒಂದೇ ಒಂದು ಗೀರು ಮಾತ್ರ ಆವಿಗೆ ನೇರ ಹಾದಿ. ಹಳೆಯ ಪ್ಯಾಕಿಂಗನ್ನು ಉಳಿಯಿಂದ ಕೆತ್ತಿ ತೆಗೆಯುವಾಗ ಬೀಳುವುದು ಇಂಥದೇ ಗೀರು. ಅನುಭವಿ ಫಿಟ್ಟರ್ ಮುಖ ಒರೆಸಿದ ಮೇಲೆ ಉಗುರು ಎಳೆದು ನೋಡುತ್ತಾನೆ. ಉಗುರು ಎಲ್ಲಾದರೂ ಅಡ್ಡಗೀರಿಗೆ ಸಿಕ್ಕಿಕೊಂಡರೆ ಕೆಲಸ ಮುಂದುವರಿಸುವುದಿಲ್ಲ, ಮೇಲಿನವರನ್ನು ಕರೆಯುತ್ತಾನೆ.

ಒತ್ತಡ ಇನ್ನೂ ಹೆಚ್ಚಿದ ಕಡೆ ಮೆದು ವಸ್ತುವನ್ನೇ ಬಿಟ್ಟು ಗಟ್ಟಿ ಲೋಹದ ಉಂಗುರ ಬಳಸುತ್ತಾರೆ. ಅದೇ ಆರ್‌ಟಿಜೆ. ಫ್ಲ್ಯಾಂಜಿನಲ್ಲಿ ಕೊರೆದ ಕಾಲುವೆಯಲ್ಲಿ ಅದು ಕೂರುತ್ತದೆ. ಇಲ್ಲಿನ ನಿಯಮ ಒಂದೇ: ಉಂಗುರ ಫ್ಲ್ಯಾಂಜಿಗಿಂತ ಮೆದುವಾಗಿರಬೇಕು. ನಜ್ಜುಗುಜ್ಜಾದರೆ ಉಂಗುರ ಆಗಲಿ, ಫ್ಲ್ಯಾಂಜ್ ಅಲ್ಲ.

ಕಲ್ನಾರು ಹೋಗಿ ಗ್ರಾಫೈಟ್ ಬಂತು

ಆವಿಯಂತ್ರಗಳ ಮೊದಲ ಕಾಲದಲ್ಲಿ ಸೆಣಬಿಗೆ ಕೆಂಪು ಸೀಸದ ಲೇಪ ಮೆತ್ತಿ ಸಂದಿಗೆ ತುರುಕುತ್ತಿದ್ದರು. ಒತ್ತಡ, ಬಿಸಿ ಏರಿದಂತೆ ಅದು ಸಾಲದಾಯಿತು. 19ನೇ ಶತಮಾನದ ಕೊನೆಯ ಹೊತ್ತಿಗೆ ಆಸ್ಟ್ರಿಯಾದ ರಿಚರ್ಡ್ ಕ್ಲಿಂಗರ್ ಕಲ್ನಾರು ಎಳೆಗಳನ್ನು ರಬ್ಬರಿನೊಂದಿಗೆ ಒತ್ತಿ ಹಾಳೆ ಮಾಡುವ ವಿಧಾನ ತಂದರು. ಅಲ್ಲಿಂದ ಮುಂದಿನ ಹಲವು ದಶಕ ಅದೇ ರಾಜ. ನಮ್ಮಲ್ಲಿ ಈ ಹಾಳೆಗೆ ಸಿಎಎಫ್ ಶೀಟ್ ಎಂದು ಹೆಸರು, ಅದು ಗೊತ್ತಿಲ್ಲದ ಫಿಟ್ಟರ್ ಇಲ್ಲ. ಅದಕ್ಕೆ ಐಎಸ್ 2712 ಎಂಬ ಭಾರತೀಯ ಮಾನಕವೇ ಇದೆ. ಹಾಳೆಯನ್ನು ಫ್ಲ್ಯಾಂಜಿನ ಮೇಲೇ ಹಾಸಿ, ಗುಂಡು ತಲೆಯ ಸುತ್ತಿಗೆಯಿಂದ ಅಂಚಿನ ಗುಂಟ ಮೆಲ್ಲಗೆ ಬಡಿದು ಅಳತೆಗೆ ಕತ್ತರಿಸುವುದು ಹಳಬರ ಕೈಚಳಕ. ಅದರಲ್ಲಿ ಎರಡು ಕೇಡಿದ್ದವು. ಫ್ಲ್ಯಾಂಜಿನ ಅಂಚು ಹಾಳಾಗುತ್ತಿತ್ತು. ಕಲ್ನಾರಿನ ಧೂಳು ಎದೆಗೆ ಇಳಿಯುತ್ತಿತ್ತು.

ಆ ಧೂಳು ಶ್ವಾಸಕೋಶವನ್ನು ಗಟ್ಟಿಗಟ್ಟಿಸುತ್ತದೆ, ಕ್ಯಾನ್ಸರ್ ತರುತ್ತದೆ, ಅದೂ ದಶಕಗಳ ನಂತರ. ಕಲ್ನಾರು ಉದ್ಯಮದ ಕಾರ್ಮಿಕರ ಆರೋಗ್ಯ ಅವರ ಮೂಲಭೂತ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟಿತು. ಐರೋಪ್ಯ ಒಕ್ಕೂಟ 2005ರಿಂದ ಕಲ್ನಾರನ್ನು ನಿಷೇಧಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಿಳಿ ಕಲ್ನಾರಿನ ನಿಷೇಧದ ನಿಯಮ ಹೊರಡಿಸಿದ್ದು 2024ರಲ್ಲಿ. ಅದರ ಪಟ್ಟಿಯಲ್ಲಿ ಗ್ಯಾಸ್ಕೆಟ್ ಹಾಳೆಯೂ ಇತ್ತು.

ಕಲ್ನಾರಿನ ಜಾಗಕ್ಕೆ ಬಂದದ್ದು 1960ರ ದಶಕದಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿ ಮಾರುಕಟ್ಟೆಗೆ ತಂದ ಬಾಗುವ ಗ್ರಾಫೈಟ್. ಗ್ರಾಫೈಟಿನ ಹೊಪ್ಪಳೆಗಳನ್ನು ಆಮ್ಲದಲ್ಲಿ ನೆನೆಸಿ ಒಮ್ಮೆಲೇ ಜೋರು ಬಿಸಿಗೆ ಒಡ್ಡಿದರೆ ಪದರಗಳ ನಡುವಿನ ಆಮ್ಲ ಅನಿಲವಾಗಿ, ಹೊಪ್ಪಳೆ ನೂರಾರು ಪಟ್ಟು ಉಬ್ಬುತ್ತದೆ. ಆ ಉಬ್ಬಿದ ಹಗುರ ಎಳೆಗಳನ್ನು ಅಂಟು ಹಾಕದೆ ಬರೀ ಒತ್ತಿದರೆ ಸಾಕು, ಹಾಳೆಯಾಗುತ್ತದೆ. ಬಿಸಿಗೆ ಅದು ಗಟ್ಟಿ. ಆದರೂ ಗಾಳಿ ತಾಗುವ ಕಡೆ 450 ಡಿಗ್ರಿ ದಾಟಿದರೆ ಗ್ರಾಫೈಟ್ ನಿಧಾನವಾಗಿ ಉರಿದು ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಅದಕ್ಕೆ ತೀರಾ ಬಿಸಿಯ ಕಡೆ ಅಭ್ರಕ ಇಲ್ಲವೇ ವರ್ಮಿಕ್ಯುಲೈಟ್ ತುಂಬಿದ ಸುರುಳಿಗಳನ್ನು ಬಳಸುತ್ತಾರೆ.

100 ಪಾಲು ಶ್ರಮ, 10 ಪಾಲು ಫಲ

ಒಳ್ಳೆಯ ಗ್ಯಾಸ್ಕೆಟ್ ಬಂತು, ಮುಖವೂ ಸರಿಯಿದೆ. ಇನ್ನುಳಿದದ್ದು ಬಿಗಿಯುವುದು. ನಟ್ಟು ತಿರುಗಿಸಲು ಹಾಕಿದ ಶ್ರಮವನ್ನು 100 ಪಾಲು ಎಂದಿಟ್ಟುಕೊಂಡರೆ, ಸುಮಾರು 50 ಪಾಲು ನಟ್ಟಿನ ಅಡಿಯ ತಿಕ್ಕಾಟಕ್ಕೆ, 40 ಪಾಲು ಸ್ಟಡ್ಡಿನ ತಿರುಪು ಸುತ್ತುಗಳ, ಅಂದರೆ ಮರೆಯ ತಿಕ್ಕಾಟಕ್ಕೆ ಹೋಗುತ್ತದೆ. ಸ್ಟಡ್ಡನ್ನು ಎಳೆಯಲು ಸಿಗುವುದು 10 ಪಾಲು. ಈ ಲೆಕ್ಕದಲ್ಲಿ ತುಕ್ಕು ಹಿಡಿದ, ಒಣಗಿದ ಮರೆ ಇನ್ನೊಂದಿಷ್ಟು ಕಿತ್ತುಕೊಂಡರೆ ಸ್ಟಡ್ಡಿಗೆ ದಕ್ಕುವುದು ಅರ್ಧಕ್ಕೆ ಇಳಿಯಬಹುದು. ಟಾರ್ಕ್ ರೆಂಚ್ ಮಾತ್ರ ‘ಸರಿಯಾಗಿದೆ’ ಎಂದೇ ತೋರಿಸುತ್ತಿರುತ್ತದೆ, ಏಕೆಂದರೆ ಅದು ಅಳೆಯುವುದು ತಿರುಚುವ ಶ್ರಮವನ್ನು, ಸ್ಟಡ್ಡಿನ ಎಳೆತವನ್ನಲ್ಲ. ಮರೆಗೂ ನಟ್ಟಿನ ಅಡಿಗೂ ಸರಿಯಾದ ಗ್ರೀಸ್ ಹಚ್ಚಬೇಕು ಎನ್ನುವುದು ಇದಕ್ಕೇ. ಜಾರದಿರಲಿ ಎಂದು ಗ್ಯಾಸ್ಕೆಟ್ಟಿಗೇ ಗ್ರೀಸ್ ಬಳಿದು ಅಂಟಿಸುವ ರೂಢಿಯೂ ಕೆಲವೆಡೆ ಇದೆ. ಅದು ತಪ್ಪು, ಗ್ರೀಸಿನಿಂದ ಗ್ಯಾಸ್ಕೆಟ್ ಮುಖ ಕಚ್ಚುವ ಬದಲು ಜಾರಲು ತೊಡಗುತ್ತದೆ.

ನಮ್ಮ ಸ್ಟಡ್ಡಿಗೆ 26 ಟನ್ ಎಳೆತ ಕೊಡಬೇಕಾದರೆ, ಗ್ರೀಸ್ ಹಚ್ಚಿದ ಮೇಲೂ, 1 ಮೀಟರ್ ಉದ್ದದ ಪಾನಾದ ತುದಿಯಲ್ಲಿ ಮೈತುಂಬಿದ ಇಬ್ಬರು ಒಟ್ಟಿಗೆ ಜೋತುಬಿದ್ದಷ್ಟು ಬಲ ಬೇಕು. ಹ್ಯಾಮರ್ ಸ್ಪ್ಯಾನರಿಗೆ ಸುತ್ತಿಗೆಯಿಂದ ಬಾರಿಸಿ ‘ಸದ್ದು ಬದಲಾಯಿತು, ಸಾಕು’ ಎನ್ನುವ ಅಂದಾಜು ಇಲ್ಲಿ ನಡೆಯದು. ಹೈಡ್ರಾಲಿಕ್ ರೆಂಚ್ ಬೇಕು, ಇಲ್ಲವೇ ಸ್ಟಡ್ಡನ್ನೇ ಹಿಡಿದು ಜಗ್ಗಿ ಹಿಗ್ಗಿಸುವ ಟೆನ್ಷನರ್ ಬೇಕು.

ಬಿಗಿಯುವ ಅನುಕ್ರಮವೂ ಮುಖ್ಯ. ಒಂದನೆಯದನ್ನು ಪೂರ್ತಿ ಬಿಗಿದು, ಪಕ್ಕದ್ದಕ್ಕೆ ಹೋದರೆ ಗ್ಯಾಸ್ಕೆಟ್ ಅಲ್ಲಿ ಇನ್ನಷ್ಟು ಅದುಮಿಕೊಂಡು ಮೊದಲನೆಯದು ತಾನಾಗಿ ಸಡಿಲವಾಗುತ್ತದೆ. ಸುತ್ತು ಮುಗಿಸುವಷ್ಟರಲ್ಲಿ ಒಂದು ಬದಿ ಬಿಗಿ, ಎದುರು ಬದಿ ಬಾಯಿಬಿಟ್ಟ ಸ್ಥಿತಿ. ಆದ್ದರಿಂದ 12 ಸ್ಟಡ್‌ಗಳಿದ್ದರೆ 1 ಆದ ಮೇಲೆ ಎದುರಿನ 7, ಆಮೇಲೆ 4, ಅದರ ಎದುರು 10, ಹೀಗೆ ಅಡ್ಡಡ್ಡ ಹೋಗಬೇಕು. ಮೊದಲ ಸುತ್ತಿಗೆ ಗುರಿಯ ಶೇ 30ರಷ್ಟು, ಎರಡನೆಯದಕ್ಕೆ ಶೇ 70ರಷ್ಟು, ಮೂರನೆಯದಕ್ಕೆ ಪೂರ್ತಿ. ಬಳಿಕ ಗಡಿಯಾರದ ದಿಕ್ಕಿನಲ್ಲಿ ಒಂದೊಂದನ್ನೂ ನೋಡುತ್ತ, ನಟ್ಟು ತಿರುಗುವುದು ನಿಲ್ಲುವವರೆಗೆ ಸುತ್ತಬೇಕು. ಅಲ್ಲಿಗೂ ಮುಗಿಯುವುದಿಲ್ಲ. ಗ್ಯಾಸ್ಕೆಟ್ ತುಸು ತುಸುವೇ ಕುಗ್ಗಿ ಕೂರಲು ಹೊತ್ತು ಬೇಕು. ಕನಿಷ್ಠ 4 ಗಂಟೆ ಬಿಟ್ಟು ಇನ್ನೊಂದು ಸುತ್ತು ಬಿಗಿಯುವುದು ಒಳ್ಳೆಯದೆಂದು ಎಎಸ್‌ಎಂಇಯ ಪಿಸಿಸಿ-1 ಮಾರ್ಗಸೂಚಿ ಹೇಳುತ್ತದೆ. ಶಟ್‌ಡೌನ್ ಮುಗಿಸುವ ಆತುರದಲ್ಲಿ ಮೊದಲು ಕತ್ತರಿ ಬೀಳುವುದು ಈ 4 ಗಂಟೆಗೇ.

ಕಣ್ಣಿಗೆ ಕಾಣದ ಕತ್ತಿ

ಸೋರಿದರೆ ಏನಾಗುತ್ತದೆ? ಅತಿ ಬಿಸಿಯ ಆವಿ ಕಣ್ಣಿಗೆ ಕಾಣುವುದಿಲ್ಲ. ನಾವು ಆವಿ ಎಂದುಕೊಳ್ಳುವ ಬಿಳಿ ಮೋಡ ಆವಿ ತಣ್ಣಗಾಗಿ ಹನಿಗಟ್ಟಿದ ನೀರು. ತೂತಿನ ಬಳಿ ಸುಯ್ ಎನ್ನುವ ಸದ್ದಷ್ಟೇ, ಕಣ್ಣಿಗೆ ಏನೂ ಇಲ್ಲ. ಅಲ್ಲಿಗೆ ಕೈ ಹೋದರೆ ಮುಗಿಯಿತು. ಹಳೆಯ ಬಾಯ್ಲರ್ ಮನೆಗಳಲ್ಲಿ ಪೊರಕೆ ಕೋಲನ್ನು ಮುಂದೆ ಚಾಚಿಕೊಂಡು ಸದ್ದಿನತ್ತ ಹೋಗುತ್ತಿದ್ದದ್ದು ಇದಕ್ಕೇ. ಸಣ್ಣ ಸೋರಿಕೆ ಸಣ್ಣದಾಗಿಯೇ ಉಳಿಯುವುದೂ ಇಲ್ಲ. ವೇಗದ ಆವಿ ಫ್ಲ್ಯಾಂಜಿನ ಮುಖವನ್ನೇ ಕೊರೆದು ಕಾಲುವೆ ಮಾಡುತ್ತದೆ. ಆಮೇಲೆ ಎಂಥ ಹೊಸ ಗ್ಯಾಸ್ಕೆಟ್ ತಂದರೂ ನಿಲ್ಲದು.

ಸೋರುವುದು ಆವಿಯಲ್ಲದೆ ಉರಿಯುವ ವಸ್ತುವಾದರೆ ಪರಿಣಾಮವೇ ಬೇರೆ. 1988ರ ಜುಲೈ 6ರ ರಾತ್ರಿ ಸ್ಕಾಟ್ಲೆಂಡಿನ ಅಬರ್ಡೀನಿನಿಂದ ಸುಮಾರು 190 ಕಿ.ಮೀ. ದೂರದ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ತೈಲ ವೇದಿಕೆ ಹೊತ್ತಿ ಉರಿದು 167 ಜನ ಸತ್ತರು. ಒಂದು ಪಂಪಿನ ಸುರಕ್ಷಾ ವಾಲ್ವನ್ನು ಹಗಲು ಪಾಳಿಯವರು ದುರಸ್ತಿಗೆಂದು ಕಳಚಿ, ಆ ಬಾಯಿಗೆ ಬ್ಲೈಂಡ್ ಫ್ಲ್ಯಾಂಜ್ ಮುಚ್ಚಿದ್ದರು. ಅದು ಸೋರದಷ್ಟು ಬಿಗಿಯಾಗಿ ಕೂತಿರಲಿಲ್ಲ. ವಾಲ್ವ್ ಇಲ್ಲದಿರುವ ಸುದ್ದಿ ರಾತ್ರಿ ಪಾಳಿಗೆ ತಲುಪಲಿಲ್ಲ. ಇನ್ನೊಂದು ಪಂಪು ನಿಂತಾಗ ಅವರು ಇದನ್ನು ಚಾಲೂ ಮಾಡಿದರು. ತನಿಖೆ ನಡೆಸಿದ ಲಾರ್ಡ್ ಕಲೆನ್ 1990ರಲ್ಲಿ 106 ಶಿಫಾರಸುಗಳ ವರದಿ ಕೊಟ್ಟರು. ಆ ವರದಿಯಿಂದ ಬ್ರಿಟನ್ನಿನ ಸಮುದ್ರ ತೈಲೋದ್ಯಮದ ಸುರಕ್ಷಾ ಕಾನೂನೇ ಬದಲಾಯಿತು. ಅಲ್ಲಿ ಗ್ಯಾಸ್ಕೆಟ್ ಯಾವ ಕಂಪನಿಯದು ಎನ್ನುವುದು ಪ್ರಶ್ನೆಯೇ ಆಗಿರಲಿಲ್ಲ. ಜೋಡಣೆ ಯಾವ ಸ್ಥಿತಿಯಲ್ಲಿದೆ ಎನ್ನುವುದು ಗೊತ್ತಾಗಬೇಕಾದವರಿಗೆ ಗೊತ್ತಿರಲಿಲ್ಲ.

ಬೆಸೆಯುವವನಿಗೆ ಪರೀಕ್ಷೆ, ಬಿಗಿಯುವವನಿಗೆ?

ಬಾಯ್ಲರಿನ ಪೈಪಿಗೆ ಬೆಸುಗೆ ಹಾಕುವವನು ನಮ್ಮ ದೇಶದಲ್ಲಿ ಪರೀಕ್ಷೆ ಪಾಸಾಗಿರಬೇಕು. 1950ರ ಭಾರತೀಯ ಬಾಯ್ಲರ್ ನಿಯಮಾವಳಿ ಅದನ್ನು ವಿವರವಾಗಿ ಹೇಳುತ್ತದೆ. ಅವನು ಹಾಕಿದ ಬೆಸುಗೆಗೆ ಎಕ್ಸ್‌ರೇ ತೆಗೆಯುತ್ತಾರೆ, ಯಾವ ಬೆಸುಗೆ ಯಾರದು ಎಂದು ಬರೆದಿಡುತ್ತಾರೆ. ಅದೇ ಪೈಪಿನ ಫ್ಲ್ಯಾಂಜನ್ನು ಬಿಗಿಯುವ ಕೆಲಸಕ್ಕೆ ಅಂಥ ಪರೀಕ್ಷೆಯ ರೂಢಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಐಟಿಐನಲ್ಲಿ ಎರಡು ವರ್ಷ ಫಿಟ್ಟರ್ ಕೆಲಸ ಕಲಿತವನೂ, ಶಟ್‌ಡೌನಿಗೆಂದು ಗುತ್ತಿಗೆದಾರ ಕರೆತಂದ ಹೊಸ ಹುಡುಗನೂ ಒಂದೇ ಪಾನಾ ಹಿಡಿಯುತ್ತಾರೆ. ಯುರೋಪಿನಲ್ಲಿ ಬಿಗಿಯುವವರ ಅರ್ಹತೆಗೆಂದೇ ಇಎನ್ 1591-4 ಎಂಬ ಮಾನಕ ಇದೆ. ಪಿಸಿಸಿ-1ರಲ್ಲೂ ಅವರ ತರಬೇತಿಗೆ ಪ್ರತ್ಯೇಕ ಅನುಬಂಧವಿದೆ.

ಇದನ್ನು ಇಲ್ಲೂ ಮಾಡಲು ದೊಡ್ಡ ಖರ್ಚೇನೂ ಇಲ್ಲ. ಬಿಗಿಯುವವರಿಗೆ ಕೆಲವು ದಿನಗಳ ತರಬೇತಿ ಮತ್ತು ಕೈಯಾರೆ ಮಾಡಿ ತೋರಿಸುವ ಪರೀಕ್ಷೆ ಇರಲಿ. ಪ್ರತಿ ಮುಖ್ಯ ಜೋಡಣೆಗೂ ಒಂದು ಚೀಟಿ ಕಟ್ಟಲಿ: ಯಾವ ಗ್ಯಾಸ್ಕೆಟ್, ಯಾವ ಗ್ರೀಸ್, ಎಷ್ಟು ಬಿಗಿ, ಯಾರು ಬಿಗಿದರು, ಯಾರು ನೋಡಿದರು. ಸೋರಿದಾಗ ಆ ಚೀಟಿಯಿಂದಲೇ ತನಿಖೆ ಶುರುವಾಗಲಿ. ಖರೀದಿ ವಿಭಾಗದವರು ಗ್ಯಾಸ್ಕೆಟ್ಟಿನ ಉಕ್ಕಿನ ದರ್ಜೆಯನ್ನು ಎಷ್ಟು ಬಿಗಿಯಾಗಿ ಕೇಳುತ್ತಾರೋ, ಕೆಲಸದ ವೇಳಾಪಟ್ಟಿ ಮಾಡುವವರು ಆ 4 ಗಂಟೆಯನ್ನು ಅಷ್ಟೇ ಬಿಗಿಯಾಗಿ ಉಳಿಸಿಕೊಡಲಿ. ಸ್ಥಾವರ ಒಂದು ದಿನ ನಿಂತರೆ ಆಗುವ ನಷ್ಟದ ಮುಂದೆ ಅರ್ಧ ಪಾಳಿಯ ಕೂಲಿ ಯಾವ ಲೆಕ್ಕಕ್ಕೂ ಇಲ್ಲ. ಗ್ಯಾಸ್ಕೆಟ್ ಬದಲಾಯಿಸುವ ಮೊದಲು ಬಿಗಿಯುವ ಕ್ರಮ ಬದಲಾಯಿಸಿ ನೋಡುವುದೇ ಸೋರಿಕೆಗೆ ಎಲ್ಲಕ್ಕಿಂತ ಅಗ್ಗದ ಮದ್ದು.